ಫಲ ಕಾಣದ ಕರ್ತವ್ಯ

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆ ಇರುವ ಮಗುವನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸಬೇಕು. ಮಗು ಚೆನ್ನಾಗಿ ಆಡಿಕೊಂಡಿರುವಾಗಲೂ ತೋರಿಸಬೇಕು. ತೂಕ, ಎತ್ತರ ನೋಡುತ್ತಾರೆ, ಕಫ ಪರೀಕ್ಷೆಗೆ ಕಳಿಸುತ್ತಾರೆ, ಸ್ವಲ್ಪ ದೊಡ್ಡದಾದ ಮೇಲೆ ಊದಿಸಿ ಶ್ವಾಸಕೋಶದ ಬಲ ಅಳೆಯುತ್ತಾರೆ. ನಮ್ಮಲ್ಲಿ ಈ ಕಾಯಿಲೆ ವಿರಳ. ಕ್ಷಯವೆಂದೋ ಆಸ್ತಮಾವೆಂದೋ ಭ್ರಮಿಸಿ ವರ್ಷಗಳೇ ಕಳೆಯುವುದುಂಟು. ಗೊತ್ತಾದ ಮೇಲೂ ಕಾಸರಗೋಡು ಜಿಲ್ಲೆಯ ಕುಂಜತ್ತೂರಿನಂಥ ಗಡಿಯೂರಿನ ಬಡ ಮನೆಗೆ ಒಂದೊಂದು ಭೇಟಿಯೆಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವ, ಕೂಲಿ ಕಳೆದುಕೊಳ್ಳುವ ದಿನ. ಬುಡಸಹಿತ ವಾಸಿಯಾಗದ ಕಾಯಿಲೆಗೆ ಇಷ್ಟು ಓಡಾಟ ಯಾಕೆ, ದೇವರ ಮೇಲೆ ಭಾರ ಹಾಕಿದರಾಗದೇ ಎಂಬ ಮಾತು ಏಳುವುದು ಸಹಜ. ಇದು ಧರ್ಮದ ಪ್ರಶ್ನೆಯಾದ್ದರಿಂದ ಅಲ್ಲಿಯೇ ಉತ್ತರ ಹುಡುಕಬೇಕು.

ವೇದದ ಕರ್ಮಗಳನ್ನು ವಿಚಾರ ಮಾಡಿದ ಮೀಮಾಂಸಕರು ಅವುಗಳಲ್ಲಿ ಕಾಮ್ಯ, ನಿತ್ಯ ಎಂದು ಭೇದ ಮಾಡಿದರು. ಮಗನಾಗಲಿ, ಮಳೆಯಾಗಲಿ ಎಂದು ಮಾಡುವುದು ಕಾಮ್ಯ. ಬಿಡದೆ ಮಾಡಲೇಬೇಕಾದ ಸಂಧ್ಯಾವಂದನೆಯಂಥದ್ದು ನಿತ್ಯ, ಹುಣ್ಣಿಮೆ ಅಮಾವಾಸ್ಯೆಗಳ ಇಷ್ಟಿ ಎಂಬ ಯಾಗವೂ ಜೀವನಪರ್ಯಂತ ನಿತ್ಯವೇ. ಐದು ಹೊತ್ತಿನ ನಮಾಜನ್ನು ತಪ್ಪಿಸದ ನೆರೆಮನೆಯವರಿಗೂ ಈ ತಿಳಿವಳಿಕೆ ಹೊಸದಲ್ಲ. ನಿತ್ಯಕ್ಕೆ ಫಲವೇ ಇಲ್ಲವೆಂದರು ಮೀಮಾಂಸೆಯ ಒಂದು ಪಂಥದ ಪ್ರಾಭಾಕರರು. ಬಿಟ್ಟರೆ ಬರುವ ದೋಷ ತಪ್ಪುವುದೇ ಅದರ ಪ್ರಯೋಜನವೆಂದರು ಇನ್ನೊಂದು ಪಂಥದ ಭಾಟ್ಟರು. ನಾವು ವೈದ್ಯವನ್ನು ಹರಕೆಯಂತೆ ಕಾಮ್ಯದ ಸಾಲಿಗೆ ಸೇರಿಸಿದ್ದೇವೆ: ಗುಣವಾದರೆ ಹೋದದ್ದು ಸಾರ್ಥಕ, ಇಲ್ಲದಿದ್ದರೆ ದಂಡ. ನನ್ನ ವಾದವೆಂದರೆ ಈ ತಪಾಸಣೆ ನಿತ್ಯದ ಸಾಲಿನದು, ಅದೂ ಭಾಟ್ಟರು ಹೇಳಿದ ಅರ್ಥದಲ್ಲಿ. ಈ ಮಕ್ಕಳ ಶ್ವಾಸಕೋಶದ ದಪ್ಪ ಲೋಳೆಯಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಆರಂಭದಲ್ಲೇ ಕಫದಲ್ಲಿ ಸಿಕ್ಕಿಬಿದ್ದರೆ ಉಸಿರಿನ ಮೂಲಕ ಕೊಡುವ ಟೋಬ್ರಾಮೈಸಿನ್‌ನಿಂದ ಹೆಚ್ಚಿನ ಸಲ ಓಡಿಸಬಹುದು. ಬೇರೂರಿದ ಮೇಲೆ ಕೀಳುವುದು ಬಹಳ ಕಷ್ಟ. ಹೀಗಾಗಿ ಭೇಟಿಯ ಫಲವೆಂದರೆ ಆಗದೇ ಹೋದ ಹಾನಿ. ಅದು ಕಣ್ಣಿಗೆ ಕಾಣುವುದಿಲ್ಲ.

ಮಗುವಿನ ಪೂರ್ವಕರ್ಮವನ್ನು ಯಾರು ತಪ್ಪಿಸಬಲ್ಲರು ಎಂದು ಕೇಳುವವರಿದ್ದಾರೆ. ಕರ್ಮಸಿದ್ಧಾಂತವನ್ನು ಒಪ್ಪಿದರೂ ಅದು ಬಂದದ್ದಕ್ಕೆ ಕಾರಣ ಹೇಳುತ್ತದೆಯೇ ಹೊರತು ನಮ್ಮ ಈಗಿನ ಕರ್ತವ್ಯವನ್ನು ರದ್ದು ಮಾಡುವುದಿಲ್ಲ. ತಾಯಿಯ ಗ್ರಹಚಾರವೆಂದು ದೂರುವುದಂತೂ ಶುದ್ಧ ಅನ್ಯಾಯ. 1989ರಲ್ಲಿ ಪತ್ತೆಯಾದ ಸಿಎಫ್‌ಟಿಆರ್ ಜೀನ್‌ನ ದೋಷವುಳ್ಳ ಪ್ರತಿಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಇಬ್ಬರೂ ಆರೋಗ್ಯವಂತ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಅದರ ಸಂಭವ ನಾಲ್ಕರಲ್ಲೊಂದು. ಕರ್ಮದ ಮಾತಿಗಿಂತ ಗಟ್ಟಿಯಾದದ್ದು ಬಡವರ ಆಕ್ಷೇಪ: ಕೈಲಾಗದವರ ಮೇಲೆ ಕರ್ತವ್ಯ ಹೇರಬಹುದೇ? ಕಾಮ್ಯದಲ್ಲಿ ಅಂಗವಾದ ಸಣ್ಣ ವಿಧಿಯೊಂದು ತಪ್ಪಿದರೂ ಫಲವಿಲ್ಲ, ನಿತ್ಯದಲ್ಲಿ ಪ್ರಧಾನ ಕರ್ಮವನ್ನು ಉಳಿಸಿಕೊಂಡು ಅಂಗಗಳನ್ನು ಯಥಾಶಕ್ತಿ ಮಾಡಿದರೆ ಸಾಕೆಂದು ಮೀಮಾಂಸೆಯೇ ಅವಕಾಶ ಕೊಟ್ಟಿದೆ. ಜೀನ್‌ನ ದೋಷವನ್ನೇ ಸರಿದೂಗಿಸುವ ಹೊಸ ಮಾತ್ರೆಗಳ ಬೆಲೆ ಕೇಳುವ ಹಾಗಿಲ್ಲ. ಆದರೆ ತೂಕ ನೋಡಿಸುವುದು, ಕಫ ಪರೀಕ್ಷೆ, ಊಟದ ಜೊತೆ ಕಿಣ್ವದ ಗುಳಿಗೆ, ಕರಾವಳಿಯ ಸೆಕೆಯಲ್ಲಿ ಬೆವರಿನೊಂದಿಗೆ ಹರಿದುಹೋಗುವ ಉಪ್ಪನ್ನು ತುಂಬಿಕೊಡುವುದು, ಇಷ್ಟಾದರೂ ತಪ್ಪದಂತೆ ನೋಡಿಕೊಳ್ಳಬಹುದು.

ಅದಕ್ಕೂ ದಾರಿ ತೆರೆದಿರಬೇಕು. 2020ರ ಮಾರ್ಚ್‌ನಲ್ಲಿ, ಕೋವಿಡ್ ವೇಳೆ, ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ಕಾಸರಗೋಡು ಜಿಲ್ಲೆಯ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವು ಮಾಡಿಸುವಂತೆ ಕೇಂದ್ರಕ್ಕೆ ಆದೇಶಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಒಪ್ಪಂದವಾದದ್ದು ತುರ್ತು ರೋಗಿಗಳಿಗೆ ದಾರಿ ಬಿಡಲು. ತುರ್ತೊಂದನ್ನೇ ರೋಗವೆಂದು ಎಣಿಸುವ ಈ ಲೆಕ್ಕದಲ್ಲಿ, ಜ್ವರವಿಲ್ಲದೆ ತಪಾಸಣೆಗೆ ಹೊರಟ ಮಗುವಿಗೆ ಜಾಗವೇ ಇಲ್ಲ. ತಂದೆತಾಯಿ ಮಾಡಬೇಕಾದ ನಿತ್ಯವನ್ನು ಸರಕಾರವೇ ತಡೆದರೆ, ಬಿಟ್ಟ ದೋಷ ತಟ್ಟುವುದು ದಾರಿ ಮುಚ್ಚಿದವರಿಗೆ.