ಹೃದಯದ ಕಾಠಿಣ್ಯವೂ ದಂಪತಿಗಳ ಬಾಳುವೆಯೂ



ಹೆಂಡತಿಯನ್ನು ಯಾವ ಯಾವ ಕಾರಣಕ್ಕೆ ಬಿಡಬಹುದೆಂದು ಫರಿಸಾಯರು ನಮ್ಮ ಕರ್ತನನ್ನು ಪರೀಕ್ಷಿಸಿದ ಸಂಗತಿಯು ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಇರುತ್ತದೆ. ಈ ಪ್ರಶ್ನೆಯು ಸುಮ್ಮನೆ ಹುಟ್ಟಿದ್ದಲ್ಲ. ಯೆಹೂದ್ಯ ಶಾಸ್ತ್ರಿಗಳಲ್ಲಿ ಆಗ ಎರಡು ಪಂಗಡಗಳಿದ್ದವು. ಶಮ್ಮಾಯಿಯ ಶಿಷ್ಯರು, ಹೆಂಡತಿಯಲ್ಲಿ ಅಶುದ್ಧ ನಡತೆ ಕಂಡರೆ ಮಾತ್ರ ತ್ಯಾಗಪತ್ರ ಕೊಡಬಹುದು ಅನ್ನುತ್ತಿದ್ದರು. ಹಿಲ್ಲೇಲನ ಶಿಷ್ಯರಾದರೋ, ಅವಳು ಗಂಡನ ಅಡಿಗೆ ಕೆಡಿಸಿದರೂ ಸಾಕು ಅನ್ನುತ್ತಿದ್ದರು. ಕ್ರಿ. ಶ. 200ರ ಸುಮಾರಿಗೆ ಕೂಡಿಸಿದ ಮಿಷ್ನಾ ಎಂಬ ಯೆಹೂದ್ಯ ಗ್ರಂಥದಲ್ಲಿ ಈ ವಿವಾದವು ಬರೆದಿದೆ. ಇದನ್ನು ಕೇಳಿ ನಗಬೇಡಿರಿ. ರೊಟ್ಟಿ ಸೀದದ್ದಕ್ಕೆ ಎದ್ದ ಜಗಳವು ತವರುಮನೆಯ ತನಕ ಹೋದದ್ದು ನಮ್ಮ ಕೇರಿಗಳಲ್ಲಿ ಇಲ್ಲವೋ?

ಕರ್ತನು ಕಾರಣಗಳ ಲೆಕ್ಕದಿಂದ ಉತ್ತರವನ್ನು ಆರಂಭಿಸಲಿಲ್ಲ. ಹಾದರದ ಮಾತನ್ನು ಕಡೆಯಲ್ಲಿ ಹೇಳಿದ್ದುಂಟು. ಆದರೆ ಮೊದಲು ಸೃಷ್ಟಿಯ ಆದಿಯನ್ನು ತೋರಿಸಿದನು. ಮೋಶೆಯ ಅಪ್ಪಣೆಯನ್ನು ಅವರು ಎದುರಿಗೆ ಒಡ್ಡಿದಾಗ, ಆ ಅಪ್ಪಣೆಯು ಜನರ ಹೃದಯವು ಕಠಿಣವಾದದ್ದರಿಂದ ಬಂತೆಂದು ತಿಳಿಸಿದನು. ಆದಕಾರಣ ಮನೆ ಮುರಿಯುವದು ತ್ಯಾಗಪತ್ರ ಬರೆದ ದಿನದಲ್ಲಿ ಅಲ್ಲ. ಹೃದಯವು ಕಲ್ಲಾಗುವದು ಅದಕ್ಕಿಂತ ಬಹು ಮುಂಚೆ, ದಿನಕ್ಕಿಷ್ಟರಂತೆ.

ಅದು ಎಲ್ಲಿಂದ ಹತ್ತುತ್ತದೆ? ಅನೇಕ ಮನೆಗಳಲ್ಲಿ ಮದುವೆಯ ಸಾಲದಿಂದಲೇ. ಹಂದರ, ವಾದ್ಯ, ಊರಿಗೆಲ್ಲಾ ಊಟ, ಅದರ ಮೇಲೆ ವರದಕ್ಷಿಣೆ. 1961ರ ಕಾಯಿದೆಯು ವರದಕ್ಷಿಣೆ ಕೊಟ್ಟವನನ್ನೂ ತಕ್ಕೊಂಡವನನ್ನೂ ಅಪರಾಧಿಗಳೆಂದು ಎಣಿಸಿದರೂ, ಉಡುಗೊರೆಯೆಂಬ ಹೆಸರಿನಿಂದ ಅದು ಹಿತ್ತಲ ಬಾಗಿಲಿಂದ ಒಳಗೆ ಬರುತ್ತದೆ. ಇನ್ನೂ ಬರಬೇಕಾದದ್ದು ಉಳಿದಿದ್ದರೆ ಸೊಸೆಯು ಮಗಳಾಗಿ ಹೊಸ್ತಿಲು ದಾಟುವದಿಲ್ಲ, ಬಾಕಿಯಾಗಿ ದಾಟುತ್ತಾಳೆ. ಇತ್ತ ಗಂಡನು ತನ್ನ ಸಾಲವನ್ನು ಅವಳಿಗೆ ಹೇಳದೆ ಮರೆಮಾಡುತ್ತಾನೆ. ಸಾಹುಕಾರನು ಅಂಗಳದಲ್ಲಿ ನಿಂತು ಕೂಗಿದಾಗ ಅವಳಿಗೆ ತಿಳಿಯುತ್ತದೆ. ಸಾಲಕ್ಕಿಂತಲೂ ಆ ಮರೆಮಾಚಿದ್ದೇ ಅವಳ ಮನಸ್ಸನ್ನು ಹೆಚ್ಚು ಕೆಡಿಸುತ್ತದೆ.

ತಂದೆತಾಯಿಗಳನ್ನು ಬಿಟ್ಟು ಹೋಗುವವಳು ಹೆಣ್ಣೆಂದು ನಮ್ಮ ದೇಶದ ವಾಡಿಕೆ. ಆದಿಕಾಂಡ 2:24 ಬಿಡುವವನು ಗಂಡು ಅನ್ನುತ್ತದೆ! ಮುಪ್ಪಿನ ತಾಯಿಯನ್ನು ಹೊರಗೆ ಹಾಕೆಂದು ಇದರ ಅರ್ಥವಲ್ಲ. ಹೆಂಡತಿಯ ಮೇಲೆ ತಾಯಿ ದೂರು ಹೇಳಿದ ಕೂಡಲೆ ವಿಚಾರಿಸದೆ ತೀರ್ಪು ಮಾಡುವ ಮಗನು ಇನ್ನೂ ತಾಯಿಯ ಮಡಿಲನ್ನು ಬಿಟ್ಟವನಲ್ಲ.

ಇನ್ನು ದುಡಿಮೆಗಾಗಿ ಗೋವೆ, ಮುಂಬಯಿ, ಬೆಂಗಳೂರುಗಳಿಗೆ ಹೋಗಿ ವರುಷಗಟ್ಟಲೆ ತಿರುಗಿ ಬಾರದವರುಂಟು. ದಂಪತಿಗಳು ಅಗಲಿರುವದಾದರೆ ಇಬ್ಬರೂ ಒಪ್ಪಿ ಸ್ವಲ್ಪ ಕಾಲ ಮಾತ್ರ ಎಂದು ಪೌಲನು 1 ಕೊರಿಂಥ 7:5ರಲ್ಲಿ ಬುದ್ಧಿ ಹೇಳುತ್ತಾನೆ. ಹಣ ಕಳುಹಿಸಿದ ಮಾತ್ರಕ್ಕೆ ಗಂಡನ ಧರ್ಮ ತೀರುವದಿಲ್ಲ.

ಕುಡಿತವನ್ನೂ ಹೊಡೆತವನ್ನೂ ಕುರಿತು ನಾವು ಹೆಚ್ಚು ಹೇಳಬೇಕಾಗಿದೆ. ನಮ್ಮ ಸಭೆಯಲ್ಲಿ ವಿವಾಹ ವಿಚ್ಛೇದನವಿಲ್ಲವೆಂದು ಹೆಮ್ಮೆಪಡುವ ಹಿರಿಯರೇ, ಮೈಮೇಲೆ ಬಾಸುಂಡೆ ಹೊತ್ತು ಬಂದ ಹೆಂಗಸಿಗೆ, ಸಹಿಸಿಕೋ ತಾಯಿ ಎಂದು ಹೇಳಿ ಹಿಂದಕ್ಕೆ ಕಳುಹಿಸಿದ್ದನ್ನೂ ಆ ಹೆಮ್ಮೆಯಲ್ಲಿ ಸೇರಿಸಿದ್ದೀರೋ? ಮಲಾಕಿಯ 2:16ನ್ನು ವಿಚ್ಛೇದನದ ವಿರೋಧವಾಗಿ ಎಷ್ಟೋ ಸಾರಿ ಓದುತ್ತೇವೆ. ಅದೇ ವಚನದಲ್ಲಿ ಬಲಾತ್ಕಾರವನ್ನೂ ಪ್ರವಾದಿಯು ಖಂಡಿಸಿದ್ದಾನೆಂಬದನ್ನು ಮರೆಯುತ್ತೇವೆ. ಭಯದಿಂದ ನಿಂತಿರುವ ಮನೆಯನ್ನು ದೇವರು ಕೂಡಿಸಿದ ಮನೆಯ ಗುರುತೆಂದು ತೋರಿಸುವದಕ್ಕೆ ನಮಗೆ ಬಾಯಿ ಬಾರದು.

ಈ ದೇಶದ ಕಾನೂನೂ ಬಹುಕಾಲ ಕಲ್ಲಾಗಿಯೇ ಇತ್ತು. 1869ರ ಕಾಯಿದೆಯಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ಹಾದರವೊಂದೇ ಸಾಕಾಗಿತ್ತು. ಹೆಂಡತಿಯಾದರೋ ಗಂಡನ ಹಾದರದ ಜೊತೆಗೆ ಕ್ರೂರತನವನ್ನೋ ಎರಡು ವರುಷದ ಪರಿತ್ಯಾಗವನ್ನೋ ಇಂಥ ಬೇರೊಂದು ದೋಷವನ್ನು ತೋರಿಸಬೇಕಾಗಿತ್ತು. 132 ವರುಷಗಳ ತರುವಾಯ, 2001ರಲ್ಲಿ, ಈ ಭೇದವು ಹೋಗಿ ಕ್ರೂರತನವು ತಾನೇ ಒಂದು ಕಾರಣವಾಯಿತು. ಇಬ್ಬರೂ ಒಪ್ಪಿ ಕೇಳುವ ದಾರಿಯೂ ತೆರೆಯಿತು. 2005ರ ಕಾಯಿದೆಯಿಂದಲಾದರೋ, ಪೆಟ್ಟು ತಿನ್ನುವವಳು ವಿಚ್ಛೇದನ ಕೇಳದೆಯೇ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯನ್ನೂ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಬೇಡಬಹುದು. ಅವಳನ್ನು ಆ ಬಾಗಿಲಿನ ತನಕ ಕರಕೊಂಡು ಹೋಗುವದು ಸಭೆಗೆ ಅವಮಾನವಲ್ಲ. ಪಂಚರು ಬರೆದುಕೊಟ್ಟ ಸೋಡಚೀಟಿಯಿಂದ ಕ್ರೈಸ್ತ ವಿವಾಹವು ಕಾನೂನಿನಲ್ಲಿ ಮುರಿಯುವದಿಲ್ಲ ಎಂಬದನ್ನೂ ತಿಳಿದಿರಬೇಕು. ಆ ಕಾಗದವನ್ನು ನಂಬಿ ಮತ್ತೊಬ್ಬಳನ್ನು ಕಟ್ಟಿಕೊಂಡವನು ಇಬ್ಬರು ಹೆಂಗಸರಿಗೆ ಅನ್ಯಾಯ ಮಾಡಿದವನು.

ಬಾಳಿ ಬಂದ ಮನೆಗಳನ್ನೂ ನಾವು ನೋಡುತ್ತೇವಲ್ಲಾ. ಅಲ್ಲಿ ಜಗಳವಿಲ್ಲವೆಂದಲ್ಲ, ಜಗಳವು ರಾತ್ರಿ ಕಳೆಯುವದಿಲ್ಲ. ಎಫೆಸ 4:26ರ ಬುದ್ಧಿಮಾತನ್ನು ಓದಲು ಬಾರದ ಅಜ್ಜಿಯೂ ನಡಿಸಿದ್ದಾಳೆ. ಕೂಲಿಯ ದುಡ್ಡನ್ನು ಇಬ್ಬರೂ ಕೂಡಿ ಎಣಿಸುತ್ತಾರೆ. ಗಂಡನು ತಪ್ಪಾಯಿತೆಂದು ಮಕ್ಕಳ ಮುಂದೆಯೇ ಹೇಳಲು ನಾಚುವದಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬರ ಹೆಸರನ್ನು ಒಬ್ಬರು ಹೇಳಿ ಬೇಡಿಕೊಳ್ಳುತ್ತಾರೆ. ದೇವರ ಮುಂದೆ ಹೆಸರಿಟ್ಟು ಬೇಡಿಕೊಂಡವಳ ಮೇಲೆ ಮರುದಿನ ಕೈ ಎತ್ತುವದು ಕಷ್ಟ.

ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುವ ವಾಡಿಕೆ ನಮ್ಮ ಸಭೆಗಳಲ್ಲಿ ಉಂಟಷ್ಟೆ. ಆ ಮೂರು ವಾರಗಳಲ್ಲಿ ಹಿರಿಯರು ವಧೂವರರನ್ನು ಕೂಡ್ರಿಸಿಕೊಂಡು, ಸಾಲವೆಷ್ಟು, ಕೂಲಿಯೆಷ್ಟು, ಕುಡಿತವುಂಟೋ, ವಾಸ ಎಲ್ಲಿ, ಕೊಡು ಕೊಳ್ಳುವ ಮಾತು ಏನಾದರೂ ನಡೆದಿದೆಯೋ ಎಂದು ಒಬ್ಬರ ಎದುರಿಗೆ ಒಬ್ಬರನ್ನು ಕೇಳಲಿ. ಹುಡುಗಿಯನ್ನು ಒಂಟಿಯಾಗಿ ಹಿರಿಯ ಹೆಂಗಸೊಬ್ಬರು, ನಿನಗೆ ಮನಸ್ಸಿದೆಯೇನಮ್ಮಾ ಎಂದು ಕೇಳಲಿ. ಇಲ್ಲವೆಂದರೆ ಹಂದರದ ಕಂಬ ನೆಟ್ಟಾಗಿದ್ದರೂ ಕೀಳಲಿ.