ಒಪ್ಪಿಗೆಯ ಗುಂಡಿ

ಕೊಟ್ಟೂರಿನ ಚಿಗವ್ವನ ಮನೆಗೆ ಹೋಗಿದ್ದೆ. ಎಂಟನೇ ತರಗತಿಯ ಅವಳ ಮಗಳು ವಿಜ್ಞಾನದ ಪಾಠಕ್ಕೆಂದು ಆ್ಯಪ್ ಒಂದನ್ನು ತೆರೆದಳು. ಪೋಷಕರ ಒಪ್ಪಿಗೆ ಬೇಕೆಂದು ಇಂಗ್ಲಿಷಿನಲ್ಲಿ ಉದ್ದದ ಪುಟ ಬಂತು. ಮಗಳು ತಾಯಿಯ ಮುಖ ನೋಡಿದಳು. 'ನಂಗೇನು ತಿಳೀತೈತಿ, ನೀನ ಒತ್ತು' ಎಂದಳು ಚಿಗವ್ವ. ಮಗಳು ಒತ್ತಿದಳು. ಅಲ್ಲಿ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಗುವಿಗಿಂತ ತಾಯಿತಂದೆಗೆ ಹೆಚ್ಚು ತಿಳಿದಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದು ತಲೆಕೆಳಗು. ಓದಿ ಹೇಳುವವಳು ಮಗಳು, ಕೇಳಿಸಿಕೊಳ್ಳುವವಳು ತಾಯಿ. ತಿಳಿಯದೆ ಕೊಟ್ಟದ್ದು ಒಪ್ಪಿಗೆಯೇ? ತಿಳಿಯದವರ ಮೇಲೆ ಕಾಯುವ ಹೊಣೆ ಹೊರಿಸುವುದು ನ್ಯಾಯವೇ?

ಫೋನನ್ನೇ ಕಿತ್ತಿಟ್ಟರಾಯಿತು ಎನ್ನುವವರಿದ್ದಾರೆ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಗುಂಪು ಮಾಡಿದ್ದೇ ಮನೆಯಲ್ಲಿ ಫೋನ್ ಇದೆಯೇ, ಇಂಟರ್ನೆಟ್ ಇದೆಯೇ ಎಂದು ನೋಡಿ. ಅಂದು ಶಾಲೆಯೆಂದು ಕೈಗಿಟ್ಟವರು ನಾವೇ. ಕಿತ್ತುಕೊಳ್ಳುವಾಗ ಮಾತ್ರ ನಮ್ಮ ಕೈ ಮೊದಲು ಹೆಣ್ಣುಮಕ್ಕಳ ಕಡೆ ಹೋಗುತ್ತದೆ.

ಆ ರಾತ್ರಿ ಹುಡುಗಿ ನನ್ನೊಬ್ಬಳಿಗೇ ಹೇಳಿದಳು: ಯಾರೋ ಅಪರಿಚಿತ ತಿಂಗಳಿಂದ ಅವಳ ಫೋಟೊ ಕೇಳುತ್ತಿದ್ದನಂತೆ. ಯಾಕೆ ಮುಚ್ಚಿಟ್ಟೆ ಎಂದೆ. 'ಹೇಳಿದ್ರ ಫೋನ್ ಕಸ್ಕೊಂತಿದ್ರಲ್ಲಕ್ಕ.' ಅವನಿಗಿಂತ ಹೆಚ್ಚಾಗಿ ಅವಳು ನಮಗೆ ಹೆದರಿದ್ದಳು. ಕಾಯುತ್ತೇವೆ ಎಂದುಕೊಂಡ ನಾವೇ ಅವಳ ಬಾಯಿ ಕಟ್ಟಿದ್ದೆವು.

ಹಾಗಾದರೆ ಇಂಗ್ಲಿಷ್ ಬಾರದ ತಾಯಿ ಏನು ಮಾಡಬಲ್ಲಳು? ನನಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ನೆನಪಾಗುತ್ತದೆ. ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಊರಿಗೆ ಮರಳುವ ದಾರಿಯುದ್ದಕ್ಕೂ ಜನ ಅದರ ಅರ್ಥಕ್ಕೆ ಜಗ್ಗಾಡುತ್ತಾರೆ. ಮಳೆಯೋ, ಬೆಳೆಯೋ, ರಾಜಕೀಯವೋ? ತನಗೆ ಬೇಕಾದಂತೆ ಎಳೆದುಕೊಳ್ಳುವವರೂ ಉಂಟು. ಅದಕ್ಕೇ 'ಹಂಗಲ್ಲಪ್ಪಾ' ಎನ್ನಲು ಪಕ್ಕದಲ್ಲೊಬ್ಬರು ಬೇಕು. ಮೂಲೆಯಲ್ಲಿ ಒಂಟಿಯಾಗಿ ಫೋನ್ ನೋಡುವ ಮಗುವಿಗೆ ಆ ಪಕ್ಕದವರೇ ಇಲ್ಲ.

ಚಿಗವ್ವ ಆ ಪಕ್ಕದವಳಾಗಬಲ್ಲಳು. ಬಿತ್ತನೆ ಬೀಜ ಮಾರುವವನನ್ನು ಅವಳು ಸುಮ್ಮನೆ ನಂಬುವುದಿಲ್ಲ. ನೀ ಯಾರು, ಯಾಕೆ ಕೊಡ್ತಿ, ನಿನಗೇನು ಸಿಗ್ತೈತಿ ಎಂದು ಕೇಳುತ್ತಾಳೆ. ಮರುದಿನ ಮೂವರೂ ಕೂತು ಆ ಪುಟಕ್ಕೆ ಇದೇ ಪ್ರಶ್ನೆ ಕೇಳಿದೆವು. ಮಗಳು ಓದಿದಳು, ತಾಯಿ ಪ್ರಶ್ನಿಸಿದಳು. ಎರಡು ಉತ್ತರ ನನಗೂ ತಿಳಿಯಲಿಲ್ಲ, ಆ್ಯಪ್ ತೆಗೆದೆವು. ಹುಡುಗಿ ತಾನಾಗಿಯೇ ಆ ಅಪರಿಚಿತನ ವಿಷಯ ತಾಯಿಗೆ ಹೇಳಿದಳು. ಅವನನ್ನು ಬ್ಲಾಕ್ ಮಾಡಿ, ಕ್ಯಾಲೆಂಡರಿನ ಮೇಲೆ ಸೈಬರ್ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098 ಬರೆದಿಟ್ಟೆವು.

ಉಳಿದದ್ದು ಒಂದೇ ಮಾತು: 'ಏನಾದ್ರೂ ಆದ್ರ ಹೇಳು, ಫೋನ್ ಕಸ್ಕೊಳ್ಳಂಗಿಲ್ಲ.' ಗುಂಡಿ ಒತ್ತು ಎನ್ನಲು ಚಿಗವ್ವನಿಗೆ ಒಂದು ಕ್ಷಣ ಸಾಕಾಗಿತ್ತು. ಈ ಮಾತು ಕೊಡಲು ಎರಡು ದಿನ ಹಿಡಿಯಿತು.