ದಾರಿ ಕೇಳುವುದು

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ವಾಸಮಾಡುವವರಿಗೆ ಒಂದು ಭಾಗ್ಯವುಂಟು. ಬೆಳಗಿನ ಜಾವ ಐದು ಗಂಟೆಗೆ ಬೈಸಿಕಲ್ಲನ್ನು ಏರಿದರೆ, ಬಿಸಿಲು ಬಲಿಯುವುದರೊಳಗಾಗಿ ಬೆಟ್ಟ, ಕಾಡು, ಹೊಳೆ ಮೂರನ್ನೂ ಕಾಣಬಹುದು. ಮಾಗಡಿ ರಸ್ತೆಯಲ್ಲಿ ತಾವರೆಕೆರೆಯನ್ನು ದಾಟಿದರೆ, ಇಲ್ಲವೆ ಕೆಂಗೇರಿಯಿಂದ ರಾಮೋಹಳ್ಳಿಯ ಕಡೆಗೆ ಹೊರಳಿ ದೊಡ್ಡ ಆಲದ ಮರವನ್ನು ಹಿಂದೆ ಹಾಕಿದರೆ, ನೆಲವು ಕ್ರಮವಾಗಿ ಇಳಿಯತೊಡಗುತ್ತದೆ. ಆ ಇಳಿಜಾರಿನ ತಳದಲ್ಲಿರುವುದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿದ ಈ ಹೊಳೆಗೆ ತಿಪ್ಪಗೊಂಡನಹಳ್ಳಿಯ ಬಳಿ ಕುಮುದ್ವತಿ ಬಂದು ಸೇರುತ್ತದೆ. ನಗರದ ಬಾಯಾರಿಕೆಗಾಗಿ 1933ರಲ್ಲಿ ಕಟ್ಟಿ ಮುಗಿಸಿದ ಚಾಮರಾಜಸಾಗರ ಇರುವುದು ಅಲ್ಲಿಯೇ. ಅದರ ಕೆಳಗೆ ಮಂಚನಬೆಲೆಯ ಜಲಾಶಯ. ಅದಕ್ಕೆ ಸಮೀಪದಲ್ಲಿ 1,226 ಮೀಟರು ಎತ್ತರದ ಸಾವನದುರ್ಗದ ಹೆಬ್ಬಂಡೆ.

ಈ ಸೀಮೆಯನ್ನು ಡಾಂಬರು ರಸ್ತೆಯಿಂದ ನೋಡಿದವರು ಅದರ ಹೊರಬಾಗಿಲನ್ನು ಮಾತ್ರ ನೋಡಿದಂತೆ. ಈಚಿನ ವರ್ಷಗಳಲ್ಲಿ ಗ್ರ್ಯಾವೆಲ್ ಬೈಕ್ ಎಂಬ ಹೆಸರಿನ ಒಂದು ಬಗೆಯ ಬೈಸಿಕಲ್ಲು ಬಂದಿದೆ. ಪಂದ್ಯದ ಬೈಸಿಕಲ್ಲಿನ ಟೈರು 25 ಅಥವಾ 28 ಮಿಲಿಮೀಟರು ಅಗಲವಿದ್ದು, ಕಲ್ಲಿನಂತೆ ಬಿಗಿಯಾಗಿ ಗಾಳಿ ತುಂಬಿಸಿಕೊಂಡಿರುತ್ತದೆ. ಇದರದು ಸುಮಾರು 40 ಮಿಲಿಮೀಟರು. ಗಾಳಿ ಅದರ ಅರ್ಧಕ್ಕಿಂತಲೂ ಕಡಮೆ. ವ್ಯತ್ಯಾಸ ಇಷ್ಟೇ ಎಂದರೂ ಸಲ್ಲುತ್ತದೆ. ಆದರೆ ಇಷ್ಟರಿಂದಲೇ ಬಂಡಿಜಾಡು, ಕೆರೆಯ ಏರಿ, ಹೊಲದ ಅಂಚು, ಕಾಡಿನ ಸೆರಗು, ಎಲ್ಲವೂ ಸವಾರನಿಗೆ ದಾರಿಯಾಗಿಬಿಡುತ್ತವೆ. ಯಂತ್ರದಲ್ಲಿ ಆದ ಒಂದು ಸಣ್ಣ ಮಾರ್ಪಾಟು ಮನುಷ್ಯನ ಮುಂದೆ ಹಿಂದಿಲ್ಲದ ಒಂದು ಧರ್ಮಪ್ರಶ್ನೆಯನ್ನು ತಂದಿಡಬಲ್ಲುದೆಂಬುದು ನನ್ನ ಅನುಭವಕ್ಕೆ ಬಂದದ್ದು ಹೀಗೆ.

ಕೆಲವು ವರ್ಷಗಳ ಕೆಳಗೆ ನಾನು ಒಂದು ಬಂಡಿದಾರಿಯನ್ನು ಕಂಡುಕೊಂಡೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ತಿಳಿದೀತು. ಎರಡು ಹಿಪ್ಪುನೇರಳೆ ತೋಟಗಳ ನಡುವೆ ಹಾಯ್ದು, ಒಂದು ಮಾವಿನ ತೋಪನ್ನು ಬಳಸಿ, ಹಳ್ಳದ ಕಡೆಗೆ ಇಳಿಯುವ ಅರ್ಧ ಮೈಲಿಯ ಜಾಡು ಅದು. ಬಾಯಲ್ಲಿ ಒಬ್ಬ ಯಜಮಾನರ ಮನೆ. ಮೊದಲ ದಿನ ಬೈಸಿಕಲ್ಲಿನಿಂದಿಳಿದು, “ಯಜಮಾನರೆ, ಈ ಕಡೆ ಹೋಗಬಹುದೆ?” ಎಂದು ಕೇಳಿದ್ದೆ. “ಹೋಗಿ ಸ್ವಾಮಿ, ಹಳ್ಳದ ತಾವ ಜಾರ್ತದೆ, ಇಳ್ಕೊಂಡು ನಡೀರಿ” ಎಂದಿದ್ದರು. ಆಮೇಲೆ ಪ್ರತಿ ಸಲವೂ ಕೇಳುವುದು ಒಂದು ವಾಡಿಕೆಯಾಯಿತು. ಉತ್ತರ ಗೊತ್ತಿದ್ದರೂ ಕೇಳುತ್ತಿದ್ದೆ. ಗೊತ್ತಿದ್ದರೂ ಅವರು ಹೇಳುತ್ತಿದ್ದರು.

ಸಂತೋಷವನ್ನು ಹಂಚಿಕೊಳ್ಳದೆ ಇರಲಾರದ ದೌರ್ಬಲ್ಯ ನನಗುಂಟು. ಆ ಜಾಡನ್ನು ಮೊಬೈಲು ಫೋನಿನಲ್ಲಿ ಗೆರೆಯಾಗಿ ಗುರುತಿಸಿ ಮೂವರು ಸ್ನೇಹಿತರಿಗೆ ಕಳುಹಿಸಿದೆ. ಮೂವರು ಒಂಬತ್ತು ಜನಕ್ಕೆ ಕಳುಹಿಸಿರಬೇಕು. ಒಂಬತ್ತು ಎಷ್ಟಾಯಿತೋ ಬಲ್ಲವರಾರು? ಮುಂದೆ ಒಂದು ದಿನ ನಾನು ಹೋದಾಗ ಜಾಡಿನ ಬಾಯಿಗೆ ಜಾಲಿಮುಳ್ಳನ್ನು ಎಳೆದಿದ್ದರು. ಯಜಮಾನರು ಜಗಲಿಯ ಮೇಲೆ ಕುಳಿತಿದ್ದರು. ಹಿಂದಿನ ಭಾನುವಾರ ನಲವತ್ತು ಜನ ಸವಾರರು, ಅವರ ನೀರು ತಿಂಡಿಗಳನ್ನು ಹೊತ್ತ ಎರಡು ಮೋಟಾರುಗಳು, ಹೀಗೆ ಒಂದು ದಂಡೇ ಹಾಯ್ದುಹೋಗಿತ್ತಂತೆ. ಎರಡು ಕಡೆಯ ಹಿಪ್ಪುನೇರಳೆಯ ಮೇಲೂ ಧೂಳು ಕುಳಿತಿತ್ತು. ಧೂಳು ಕುಳಿತ ಎಲೆಯನ್ನು ರೇಷ್ಮೆಹುಳುವಿಗೆ ಹಾಕಲು ಬಾರದು. ಹುಳು ಆಗ ಕೊನೆಯ ಜ್ವರವೆದ್ದು ಹಗಲಿರುಳು ಮೇಯುವ ಕಾಲ. ಅವರು ಕೂಗಾಡಲಿಲ್ಲ. ಹೇಳಿದ್ದು ಇಷ್ಟು: “ನೀವು ಬಂದಾಗ ಕೇಳ್ತಿದ್ರಿ. ಅವತ್ತು ಬಂದೋರು ಯಾರೂ ಕೇಳ್ನಿಲ್ಲ ಸ್ವಾಮಿ. ಅವ್ರಿಗೆ ದಾರಿ ಗೊತ್ತಿತ್ತು. ಯಾರು ಹೇಳ್ಕೊಟ್ರೋ ಕಾಣೆ.”

ಹೇಳಿಕೊಟ್ಟವನು ನಾನೇ ಎಂದು ಆ ದಿನ ಒಪ್ಪಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ವಕೀಲರಾದ ನನ್ನ ಮಿತ್ರರೊಬ್ಬರು ಈ ಸಂಗತಿಯನ್ನು ಕೇಳಿ ನಕ್ಕರು. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯೆಂದು ಗೆರೆಯಿದ್ದರೆ ಅದು ಎಲ್ಲರ ದಾರಿ. ಮುಳ್ಳೆಳೆಯುವ ಅಧಿಕಾರ ಯಾರಿಗೂ ಇಲ್ಲ ಎಂದರು. ನಕಾಶೆಯಲ್ಲಿ ಇಲ್ಲದಿದ್ದರೋ ಎಂದೆ. ಆಗ ಅವರು 1882ರ ಈಸ್‌ಮೆಂಟ್ ಕಾಯಿದೆಯನ್ನು ತೆಗೆದರು. ಒಬ್ಬನು ಪರರ ನೆಲದ ಮೇಲೆ ಇಪ್ಪತ್ತು ವರ್ಷಕಾಲ ಶಾಂತವಾಗಿ, ಬಹಿರಂಗವಾಗಿ, ಅಡ್ಡಿಯಿಲ್ಲದೆ, ತನ್ನ ಹಕ್ಕೆಂಬ ಭಾವದಿಂದ ಹಾದು ತನ್ನ ಜಮೀನಿಗೆ ಹೋಗುತ್ತಿದ್ದರೆ ದಾರಿಯ ಹಕ್ಕು ಅವನಿಗೆ ಸಿದ್ಧಿಸುತ್ತದೆ. ಇದರಲ್ಲಿ ಒಂದು ವಿಚಿತ್ರವುಂಟು. ಅಪ್ಪಣೆ ಪಡೆದು ನಡೆದವನ ನಡಿಗೆ ಲೆಕ್ಕಕ್ಕೆ ಬಾರದು! ಕೇಳಿ ನಡೆದವನು ನೂರು ವರ್ಷ ನಡೆದರೂ ಅನುಗ್ರಹದಿಂದ ನಡೆದವನು. ಕೇಳದೆ ನಡೆದವನು ಒಡೆಯನಾಗುತ್ತಾನೆ. ಕಾನೂನಿಗೆ ಇದು ಅವಶ್ಯವಿರಬಹುದು, ಏಕೆಂದರೆ ಅದು ತೀರ್ಮಾನಿಸಬೇಕಾದುದು ಜಗಳವನ್ನು. ಆದರೆ ನನ್ನ ಪ್ರಶ್ನೆ ಹಕ್ಕಿನದಾಗಿರಲಿಲ್ಲ. ನನ್ನದಲ್ಲದ ವಸ್ತುವನ್ನು ನಾನು ದಾನಮಾಡಿದ್ದೆನೆ, ಎಂಬುದು ಪ್ರಶ್ನೆ.

ಹಾಗಾದರೆ ದಾರಿಯನ್ನು ಬಚ್ಚಿಡಬೇಕೆ? ಅದನ್ನೂ ನಾನು ಒಪ್ಪಲಾರೆ. ತಾನು ಕಂಡ ಸೊಬಗಿನ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡು ತಿರುಗುವವನಿಗೂ ಬೇಲಿಯೊಳಗೆ ತೋಟದ ಬಂಗಲೆ ಕಟ್ಟಿಸಿಕೊಳ್ಳುವ ಧನಿಕನಿಗೂ ಅಂತರ ಬಹಳವಿಲ್ಲ. ಕೆಂಗೇರಿಗೆ ಅನತಿದೂರದಲ್ಲಿರುವ ತುರಹಳ್ಳಿಯ ಕಾಡನ್ನೇ ನೋಡೋಣ. ಅಲ್ಲಿ ವೃಕ್ಷೋದ್ಯಾನವೊಂದನ್ನು ಮಾಡಬೇಕೆಂಬ ಯೋಜನೆ 2021ರಲ್ಲಿ ಹೊರಟಾಗ, ಕಾಡು ಕಾಡಾಗಿಯೇ ಇರಲಿ ಎಂದು ಅಡ್ಡನಿಂತವರು ಅದರೊಳಗೆ ನಡೆದು, ಬಂಡೆಯೇರಿ, ಬೈಸಿಕಲ್ಲು ತುಳಿದು ಬಲ್ಲ ಜನ. ಯೋಜನೆ ನಿಂತಿತು. ಅದನ್ನು ಯಾರೂ ಅರಿಯದೆ ಇದ್ದಿದ್ದರೆ ಅಡ್ಡನಿಲ್ಲುವವರು ಎಲ್ಲಿಂದ ಬರುತ್ತಿದ್ದರು? ಅದೇ ಬೈಸಿಕಲ್ಲಿನ ಚಕ್ರ ಮಳೆಗಾಲದಲ್ಲಿ ಅದೇ ಕಾಡಿನ ಮಣ್ಣನ್ನು ಕೊರೆದು ಕೊರಕಲು ಮಾಡುವುದೂ ಸುಳ್ಳಲ್ಲ. ಅರಿತವರೇ ಕಾಯುವರು, ಅರಿತವರೇ ಸವೆಸುವರು. ಈ ತೊಡಕನ್ನು ನಾನು ಬಿಡಿಸಲಾರೆ.

ಸ್ಕಾಟ್ಲೆಂಡಿನಲ್ಲಿ 2003ರ ಒಂದು ಶಾಸನದಿಂದ, ಹೊಣೆಯರಿತು ನಡೆಯುವುದಾದರೆ ಬಹುಮಟ್ಟಿನ ನೆಲದ ಮೇಲೆ ಯಾರು ಬೇಕಾದರೂ ನಡೆಯಬಹುದು, ಬೈಸಿಕಲ್ಲಿನಲ್ಲಿಯೂ ಹೋಗಬಹುದು. ನಮ್ಮಲ್ಲಿಯೂ ಅಂಥದೊಂದು ಬರಲಿ ಎಂದು ಸವಾರ ಮಿತ್ರರು ಆಗಾಗ ಹೇಳುವುದುಂಟು. ಎರಡೆಕರೆಯ ಹಿಪ್ಪುನೇರಳೆಯ ಮೇಲೆ ಸಂಸಾರ ನಡೆಸುವವನ ನೆಲವನ್ನು ಅಲ್ಲಿನ ಜಹಗೀರಿನ ಬೆಟ್ಟಗಾಡಿನೊಂದಿಗೆ ತೂಗುವುದು ನನಗೇನೋ ಸರಿತೋರದು. ಇನ್ನು ಸರ್ಕಾರದ ಕಾಡಿನ ಮಾತು ಬೇರೆ. ಅಲ್ಲಿ ಅಪ್ಪಣೆಯಿಲ್ಲದೆ ಹೊಗುವುದನ್ನು 1963ರ ಅರಣ್ಯ ಕಾಯಿದೆಯೇ ತಡೆಯುತ್ತದೆ.

ಬಹಳ ದಿನ ಯೋಚಿಸಿದ ಮೇಲೆ ಯಜಮಾನರ ಮಾತಿನಲ್ಲಿಯೇ ವಿಷಯವಿತ್ತೆಂದು ನನಗೆ ಕಂಡಿತು. ‘ಅವ್ರಿಗೆ ದಾರಿ ಗೊತ್ತಿತ್ತು.’ ಹಿಂದೆ ಪರಊರಿಗೆ ಹೊರಟವನು ಊರೂರಿನಲ್ಲಿ ನಿಂತು ದಾರಿ ಕೇಳಬೇಕಾಗಿತ್ತು. ಕೇಳುವುದು ಅಜ್ಞಾನದಿಂದ, ಆದರೆ ಆ ಕೇಳಿಕೆಯೊಳಗೆ ಅಪ್ಪಣೆ ಬೇಡುವುದೂ ಅಡಗಿತ್ತು. “ಎಲ್ಲಿಗೆ ಹೋಗಬೇಕು? ಯಾವ ಊರು? ಮಜ್ಜಿಗೆ ಕುಡಿಯುತ್ತೀರಾ?” ಎಂಬ ಮಾತುಗಳು ಅದರ ಬೆನ್ನಿಗೇ ಬರುತ್ತಿದ್ದವು. ಹೇಳುವವನು ‘ಆ ಕಡೆ ಬೇಡ’ ಎನ್ನಬಹುದಾಗಿತ್ತು. ನಾನು ಕಳುಹಿಸಿದ ಗೆರೆ ಸವಾರರನ್ನು ಅಜ್ಞಾನದಿಂದ ಬಿಡಿಸಿತು. ಅದರೊಡನೆ ಯಜಮಾನರ ಬಾಯಿಂದ ‘ಬೇಡ’ ಎನ್ನುವ ಮಾತನ್ನೂ ಕಸಿದುಕೊಂಡಿತು.

ಈಗ ಯಾರಾದರೂ ದಾರಿ ಕೇಳಿದರೆ ನಾನು ಊರಿನ ಹೆಸರನ್ನು ಹೇಳುತ್ತೇನೆ, ಗೆರೆಯನ್ನು ಕೊಡುವುದಿಲ್ಲ. “ಅಲ್ಲಿ ಹೋಗಿ ಕೇಳಿ” ಎನ್ನುತ್ತೇನೆ. ಕೆಲವರಿಗೆ ಇದು ಜಿಪುಣತನವಾಗಿ ಕಾಣುತ್ತದೆ. ಒಬ್ಬಿಬ್ಬರು ಮಾತುಬಿಟ್ಟದ್ದೂ ಉಂಟು. ಪತ್ರಿಕೆಯಲ್ಲಿ ಊರಿನ ಹೆಸರನ್ನೂ ಹೇಳದಿರುವುದಕ್ಕೆ ಕಾರಣ, ಓದುಗರಾದ ತಮ್ಮ ಮುಖ ನನಗೆ ಕಾಣದಿರುವುದು, ತಾವು ಕ್ಷಮಿಸಬೇಕು.

ಕಳೆದ ಸುಗ್ಗಿಯಲ್ಲಿ ಆ ಕಡೆಗೆ ಮತ್ತೆ ಹೋಗಿದ್ದೆ. ಮುಳ್ಳು ಹಾಗೆಯೇ ಇತ್ತು; ಒಂದು ಹಸು ನುಸುಳುವಷ್ಟು ಸಂದು ಮಾತ್ರ ಬಿಟ್ಟಿದ್ದರು. ಯಜಮಾನರಿಗೆ ನನ್ನ ತಪ್ಪನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಆಮೇಲೆ, “ಅದ್ಕೇ ಅವತ್ತು ನೀವು ಕಾಪಿ ಕುಡೀದೆ ಎದ್ದೋದ್ರಿ” ಎಂದರು. ನಾನು ಎಂದಿನಂತೆ, “ಈ ಕಡೆ ಹೋಗಬಹುದೆ?” ಎಂದು ಕೇಳಿದೆ. ಒಳಗಿನಿಂದ ಅವರ ಮನೆಯಾಕೆ, “ಇವತ್ತು ಬ್ಯಾಡಿ ಸ್ವಾಮಿ, ಜಾಡಿನ ತುಂಬ ಹುರುಳಿ ಹರಡಿದೀವಿ” ಎಂದರು. ಬೈಸಿಕಲ್ಲನ್ನು ತಿರುಗಿಸಿಕೊಂಡು ಡಾಂಬರು ರಸ್ತೆಯಲ್ಲಿಯೇ ತಾವರೆಕೆರೆಗೆ ಬಂದೆ.